ಮನೆಮಾತು ಆಡಿದ ಗ್ರಂಥಾಲಯ



ಗ್ರಂಥಾಲಯದ ಬಾಗಿಲು ತೆರೆದೇ ಇರುತ್ತದೆ. ಆದರೂ ಒಳಗೆ ಕಾಲಿಡಲು ಅಂಜುವ ಜನ ಇರುತ್ತಾರೆ. "ಅಲ್ಲಿ ನಮ್ಮ ಮಾತು ಯಾರಿಗೆ ತಿಳಿಯುತ್ತೆ?" ಅನ್ನೋದೇ ಆ ಅಂಜಿಕೆ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಒಬ್ಬ ಮಹಿಳೆ ಈ ಅಂಜಿಕೆ ಬಿಡಿಸಿದ ವಿಷಯವನ್ನು ಈ ಸಲ ಹೇಳುತ್ತೇನೆ. ಭೂಪಟ ಮುಂದಿಟ್ಟುಕೊಂಡು ಓದಿ.

ಪೋರ್ಟೊರಿಕೊ ಎಲ್ಲಿದೆ?

ಭೂಪಟದಲ್ಲಿ ಕ್ಯೂಬಾ ಹುಡುಕಿ. ಅದರ ಪೂರ್ವಕ್ಕೆ ಇನ್ನೊಂದು ದೊಡ್ಡ ದ್ವೀಪ ಇದೆ. ಅದನ್ನೂ ದಾಟಿದರೆ ಸಿಗುವ ಸಣ್ಣ ದ್ವೀಪವೇ ಪೋರ್ಟೊರಿಕೊ. ಸುಮಾರು 400 ವರ್ಷ ಅದು ಸ್ಪೇನ್ ದೇಶದ ಆಳ್ವಿಕೆಯಲ್ಲಿತ್ತು. ಅದಕ್ಕೇ ಅಲ್ಲಿಯವರ ಮನೆಮಾತು ಸ್ಪ್ಯಾನಿಷ್. 1898ರಲ್ಲಿ ದ್ವೀಪ ಅಮೆರಿಕದ ವಶವಾಯಿತು. 1917ರಲ್ಲಿ ಅಲ್ಲಿನ ಜನರಿಗೆ ಅಮೆರಿಕದ ಪೌರತ್ವ ಸಿಕ್ಕಿತು. ಕೆಲಸ ಹುಡುಕಿಕೊಂಡು ಸಾವಿರಾರು ಕುಟುಂಬಗಳು ನ್ಯೂಯಾರ್ಕಿಗೆ ಬಂದವು. ಅಲ್ಲಿ ನೋಡಿದರೆ ಶಾಲೆ, ಕಚೇರಿ, ಗ್ರಂಥಾಲಯ ಎಲ್ಲಾ ಇಂಗ್ಲಿಷ್!

ಪುರಾ ಬೆಲ್‌ಪ್ರೇ ಮಾಡಿದ ಕೆಲಸ

ಪುರಾ ಬೆಲ್‌ಪ್ರೇ ಹುಟ್ಟಿದ್ದು ಪೋರ್ಟೊರಿಕೊದಲ್ಲಿ. 1920ರಲ್ಲಿ ಅಕ್ಕತಂಗಿಯರ ಪೈಕಿ ಒಬ್ಬರ ಮದುವೆಗೆಂದು ನ್ಯೂಯಾರ್ಕಿಗೆ ಬಂದವರು ಅಲ್ಲೇ ಉಳಿದರು. 1921ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಹಾರ್ಲೆಂ ಬಡಾವಣೆಯ ಶಾಖೆಯಲ್ಲಿ ಕೆಲಸಕ್ಕೆ ಸೇರಿದರು. ಆ ಸಂಸ್ಥೆಯಲ್ಲಿ ಕೆಲಸ ಮಾಡಿದ ಮೊದಲ ಪೋರ್ಟೊರಿಕೊದವರು ಇವರೇ.

ಅಲ್ಲಿನ ಕಪಾಟುಗಳಲ್ಲಿ ಎಷ್ಟೋ ದೇಶದ ಕಥೆಗಳಿದ್ದವು. ತಮ್ಮ ದ್ವೀಪದ ಕಥೆ ಮಾತ್ರ ಅವರಿಗೆ ಒಂದೂ ಕಾಣಲಿಲ್ಲ. ಅವರ ಅಜ್ಜಿ ಒಂದು ಕಥೆ ಹೇಳುತ್ತಿದ್ದರು. ಮಾರ್ತೀನಾ ಎಂಬ ಜಿರಳೆಗೂ ಪೆರೆಸ್ ಎಂಬ ಇಲಿಗೂ ಮದುವೆಯಾದ ಕಥೆ. ನಮ್ಮ ಗುಬ್ಬಕ್ಕ ಕಾಗಕ್ಕನ ಕಥೆ ಇದ್ದ ಹಾಗೆ ಅಂದುಕೊಳ್ಳಿ. ಅದನ್ನೇ ಅವರು ಮಕ್ಕಳಿಗೆ ಹೇಳಿದರು. 1932ರಲ್ಲಿ ಅದು ಪುಸ್ತಕವಾಗಿ ಅಚ್ಚಾಯಿತು.

1929ರಲ್ಲಿ ಅವರಿಗೆ 115ನೇ ಬೀದಿಯ ಶಾಖೆಗೆ ವರ್ಗವಾಯಿತು. ಸುತ್ತ ಪೋರ್ಟೊರಿಕೊದವರ ಮನೆಗಳೇ. ಆದರೆ ಗ್ರಂಥಾಲಯ ಇಂಗ್ಲಿಷ್ ಬಲ್ಲವರಿಗೆ ಮಾತ್ರ ಅಂತ ಎಷ್ಟೋ ಜನ ತಿಳಿದಿದ್ದರು. ಪುರಾ ಅವರು ಕಾದು ಕೂರಲಿಲ್ಲ, ತಾವೇ ಜನರ ನಡುವೆ ಹೋದರು. ಶಾಲೆ, ಚರ್ಚು, ಸಂಘಗಳಿಗೆ ಹೋಗಿ "ಬನ್ನಿ, ಇದು ನಿಮ್ಮದೂ ಹೌದು" ಎಂದು ತಿಳಿಸಿದರು. ಸ್ಪ್ಯಾನಿಷ್ ಪುಸ್ತಕಗಳನ್ನು ತರಿಸಿದರು. ಎರಡೂ ಭಾಷೆಯಲ್ಲಿ ಕಥೆ ಹೇಳಿದರು, ಗೊಂಬೆ ಆಡಿಸಿದರು. ಜನವರಿ 6ರ ಮೂವರು ರಾಜರ ಹಬ್ಬವನ್ನು ಗ್ರಂಥಾಲಯದಲ್ಲೇ ಮಾಡಿಸಿದರು. ಮಕ್ಕಳ ಹಿಂದೆ ತಾಯಿ ತಂದೆಯರೂ ಬಂದರು! ಪುರಾ ಅವರು 1982ರಲ್ಲಿ ತೀರಿಕೊಂಡರು.

ಮುಂದೆ ಏನಾಯಿತು?

ಸ್ಪ್ಯಾನಿಷ್ ಆಡುವವರಿಗೆ ಗ್ರಂಥಾಲಯದ ಸೇವೆ ಸಿಗಬೇಕೆಂದು 1971ರಲ್ಲಿ 'ರಿಫೋರ್ಮಾ' ಎಂಬ ಸಂಘ ಹುಟ್ಟಿತು. 1996ರಿಂದ ಪುರಾ ಬೆಲ್‌ಪ್ರೇ ಹೆಸರಿನಲ್ಲಿ ಮಕ್ಕಳ ಪುಸ್ತಕಗಳಿಗೆ ಪ್ರಶಸ್ತಿ ಕೊಡುತ್ತಿದ್ದಾರೆ. ಅದೇ 1996ರಲ್ಲಿ ಪ್ಯಾಟ್ ಮೋರಾ ಎಂಬ ಲೇಖಕಿಗೆ ಒಂದು ಯೋಚನೆ ಬಂತು. ಮೆಕ್ಸಿಕೊದಲ್ಲಿ ಏಪ್ರಿಲ್ 30 ಮಕ್ಕಳ ದಿನ. ಅದನ್ನು ಪುಸ್ತಕದ ದಿನವನ್ನಾಗಿಯೂ ಯಾಕೆ ಮಾಡಬಾರದು? 1997ರಿಂದ ಅಮೆರಿಕದ ಗ್ರಂಥಾಲಯಗಳಲ್ಲಿ ಈ ಹಬ್ಬ ನಡೆದು ಬಂದಿದೆ. ಈಗ ಆ ದೇಶದಲ್ಲಿ 4 ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುತ್ತಾರೆ. ಎರಡು ಭಾಷೆಯ ಕಥಾವೇಳೆಗೆ ಅಮ್ಮ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರುತ್ತಾಳೆ. ಮಗುವಿಗೆ ಮನೆಮಾತು ಉಳಿಯುತ್ತದೆ, ಅಮ್ಮನಿಗೆ ನಾಲ್ಕು ಇಂಗ್ಲಿಷ್ ಪದವೂ ಬರುತ್ತದೆ.

ನಮಗೇನು ಪಾಠ?

ನಮ್ಮ ಶಾಲೆಯಲ್ಲೂ ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು ಆಡುವ ಮಕ್ಕಳಿದ್ದೀರಿ ಅಲ್ವೇ? ಒಬ್ಬರು ಮನೆಮಾತಾಡಿದರೆ ಉಳಿದವರು ನಗುವುದನ್ನು ನಾನು ಕೇಳಿದ್ದೇನೆ. ನಗಬೇಡಿ. ಕನ್ನಡ ಚೆನ್ನಾಗಿ ಕಲಿಯಿರಿ, ಮನೆಮಾತು ಬಿಡಬೇಡಿ. ಒಂದು ಭಾಷೆ ಬಂದರೆ ಇನ್ನೊಂದು ಓಡಿಹೋಗುವುದಿಲ್ಲ.

ಉತ್ತರ ಬರೆಯಿರಿ
1. ಪೋರ್ಟೊರಿಕೊದಲ್ಲಿ ಸ್ಪ್ಯಾನಿಷ್ ಯಾಕೆ ಬಳಕೆಗೆ ಬಂತು?
2. ಜನರನ್ನು ಗ್ರಂಥಾಲಯಕ್ಕೆ ಕರೆತರಲು ಪುರಾ ಅವರು ಏನೇನು ಮಾಡಿದರು?
3. ಏಪ್ರಿಲ್ 30ರ ವಿಶೇಷವೇನು?

ಮಾಡಿ ನೋಡಿ: ನಿಮ್ಮಜ್ಜಿ ಹತ್ತಿರ ಮನೆಮಾತಿನ ಒಂದು ಕಥೆ ಕೇಳಿ. ಅದನ್ನು ಕನ್ನಡ ಅಕ್ಷರದಲ್ಲಿ ಹಾಗೇ ಬರೆದು, ಕೆಳಗೆ ಕನ್ನಡದಲ್ಲಿ ಅರ್ಥ ಬರೆದು ತನ್ನಿ. ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಗೆ ಅಂಟಿಸೋಣ.