'ಔಟ್ ಆಫ್ ಸಿಲಬಸ್' ಎನ್ನುವ ಮುನ್ನ

ಪರೀಕ್ಷೆ ಬರೆದು ಹೊರಬಂದವರ ಬಾಯಲ್ಲಿ 'ಔಟ್ ಆಫ್ ಸಿಲಬಸ್' ಎಂಬ ಮಾತು ಸಲೀಸಾಗಿ ಬರುತ್ತದೆ. ಅದೇ ಮಾತನ್ನು ದೂರಾಗಿ ಬರೆದುಕೊಡಬೇಕೆಂದರೆ, ಯಾವ ಪ್ರಶ್ನೆ ಯಾವ ಘಟಕದಲ್ಲೂ ಇಲ್ಲ ಎಂಬುದನ್ನು ಪಠ್ಯಕ್ರಮದ ಪ್ರತಿ ಇಟ್ಟು ತೋರಿಸಬೇಕಾಗುತ್ತದೆ.

ಆ ಪ್ರತಿ ಯಾವ ವರ್ಷದ್ದು ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. 2024-25ರಲ್ಲಿ ಸರ್ಕಾರ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಹೀಗಾಗಿ ಒಂದೇ ಕಾಲೇಜಿನ ಹಿರಿಯರಿಗೊಂದು, ಕಿರಿಯರಿಗೊಂದು ಪಠ್ಯಕ್ರಮ. ಹಳೆಯ ಪೇಪರ್ ಬಾಕಿ ಉಳಿಸಿಕೊಂಡವರು ಕಿರಿಯರ ನೋಟ್ಸ್ ನೆಚ್ಚಿಕೊಳ್ಳುವಂತಿಲ್ಲ.

ಅಂಕಗಳ ಲೆಕ್ಕವೂ ಪಠ್ಯಕ್ರಮದ ಪ್ರತಿಯಲ್ಲೇ ಇರುತ್ತದೆ. ವಿಟಿಯು 2022ರ ಸ್ಕೀಮಿನ ಥಿಯರಿ ವಿಷಯವನ್ನೇ ನೋಡಿ: ಐದು ಮಾಡ್ಯೂಲ್, ಇಂಟರ್ನಲ್ಸ್‌ನ 50ರಲ್ಲಿ ಕನಿಷ್ಠ 20, ಸೆಮಿಸ್ಟರ್ ಪರೀಕ್ಷೆಯಲ್ಲಿ ಶೇ 35, ಒಟ್ಟಾರೆ ಶೇ 40.

ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಗಳ ಪ್ರಕಾರ, ಪ್ರವೇಶ ಆರಂಭವಾಗುವ 60 ದಿನ ಮೊದಲೇ ಸಂಸ್ಥೆ ಮಾಹಿತಿ ಪುಸ್ತಿಕೆ ಪ್ರಕಟಿಸಬೇಕು. ಶುಲ್ಕ, ಸೀಟುಗಳ ಜೊತೆಗೆ ಪಠ್ಯಕ್ರಮದ ಸ್ಥೂಲ ರೂಪ, ಬೋಧನೆ ಮತ್ತು ಪ್ರಾಯೋಗಿಕ ತರಗತಿಗಳ ವಿವರವೂ ಅದರಲ್ಲಿರಬೇಕು. ಪುಸ್ತಿಕೆಯಲ್ಲಿ ದಾರಿ ತಪ್ಪಿಸುವ ಮಾಹಿತಿ ಕೊಟ್ಟರೆ, ಮೌಲ್ಯಮಾಪನ ಪಾರದರ್ಶಕವಾಗಿ ನಡೆಯದಿದ್ದರೆ ಕಾಲೇಜಿನ ಕುಂದುಕೊರತೆ ಸಮಿತಿಗೆ ದೂರು ಕೊಡಬಹುದು. ಸಮಿತಿಗೆ 15 ಕೆಲಸದ ದಿನಗಳ ಗಡುವು. ತೀರ್ಮಾನ ಒಪ್ಪಿಗೆಯಾಗದಿದ್ದರೆ, ಅದು ಕೈಸೇರಿದ 15 ದಿನಗಳಲ್ಲಿ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ.

ಪ್ರಶ್ನೆಪತ್ರಿಕೆಯ ತಕರಾರನ್ನು ಮಾತ್ರ ತಡಮಾಡದೆ ಪ್ರಾಂಶುಪಾಲರ ಮೂಲಕ ವಿಶ್ವವಿದ್ಯಾಲಯದ ಕುಲಸಚಿವರಿಗೆ (ಮೌಲ್ಯಮಾಪನ) ಸಲ್ಲಿಸುವುದು ಒಳ್ಳೆಯದು. ಪ್ರಶ್ನೆಪತ್ರಿಕೆ, ಪಠ್ಯಕ್ರಮದ ಪುಟ ಎರಡನ್ನೂ ಲಗತ್ತಿಸಿ, ಸ್ವೀಕೃತಿ ಪಡೆಯಬೇಕು.

ಬರೆದ ಉತ್ತರಕ್ಕೆ ಅಂಕ ಬಿದ್ದಿಲ್ಲವೆಂಬ ಅನುಮಾನವಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ, ಮೌಲ್ಯಮಾಪನವಾದ ಉತ್ತರಪತ್ರಿಕೆಯನ್ನು ನೋಡುವ, ಪ್ರತಿ ಪಡೆಯುವ ಹಕ್ಕು ಅಭ್ಯರ್ಥಿಗಿದೆ ಎಂದಿತು. ಮೌಲ್ಯಮಾಪಕರ ಹೆಸರು ಮಾತ್ರ ಸಿಗದು. ಉತ್ತರಪತ್ರಿಕೆಗಳನ್ನು ಕಾಯ್ದಿಡುವ ಅವಧಿ ಮುಗಿಯುವುದರೊಳಗೆ ಅರ್ಜಿ ಹಾಕಬೇಕು. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ ನಂತರದ 30 ದಿನಗಳೊಳಗೆ ಮೊದಲ ಮೇಲ್ಮನವಿ. ಅಲ್ಲೂ ಕೆಲಸವಾಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು.