ಗಣಿಯ ಸಮೀಪದ ಬಾವಿಗಳೂ ಬದಲಿ ನೀರೂ

ನೆಲದೊಳಗಿನ ನೀರಿಗೆ ಒಡೆಯರಾರು ಎಂಬ ಪ್ರಶ್ನೆಯು ಬಾವಿ ತುಂಬಿರುವವರೆಗೆ ಯಾರಿಗೂ ತೋರುವುದಿಲ್ಲ. ನೆರೆಯಲ್ಲಿ ಗಣಿಯೊಂದು ಬಾವಿಗಿಂತ ಆಳಕ್ಕೆ ಇಳಿದಾಗ ಅದು ತಾನಾಗಿ ಏಳುತ್ತದೆ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವು ಗೊತ್ತಾಗಿ, ಯುರೇನಿಯಂ ಕಾರ್ಪೊರೇಷನ್ ಆಫ್ ಇಂಡಿಯಾದವರು ಪರೀಕ್ಷಾರ್ಥವಾಗಿ ಗಣಿಯನ್ನು ತೋಡಿಸಿದುದರಿಂದ, ಆ ಸೀಮೆಯ ಬೇಸಾಯಗಾರರು ಈ ವಿಷಯವನ್ನು ಚೆನ್ನಾಗಿ ತಿಳಿದುಕೊಂಡಿರುವುದು ಅವಶ್ಯಕ.

1882ನೆಯ ಈಸ್‌ಮೆಂಟ್ ಕಾಯಿದೆಯಲ್ಲಿ ಕಾಣುವ ತತ್ವದಂತೆ, ಗೊತ್ತಾದ ಪಾತ್ರದಲ್ಲಿ ಹರಿಯದೆ ನೆಲದೊಳಗೆ ಒಸರುವ ನೀರನ್ನು ತನ್ನ ಗಡಿಯೊಳಗೆ ತೆಗೆದುಕೊಳ್ಳಲು ಪ್ರತಿಯೊಬ್ಬ ಭೂಮಾಲಿಕನಿಗೂ ಹಕ್ಕುಂಟು. ಈ ತತ್ವವು ರೈತನ ಬಾವಿಯನ್ನು ಕಾಯುವಂತೆಯೇ ಗಣಿಯ ಪಂಪನ್ನೂ ಕಾಯುತ್ತದೆ! 2011ರ ಕರ್ನಾಟಕ ಅಂತರ್ಜಲ ಕಾಯಿದೆಯು ಈ ಸ್ವಾತಂತ್ರ್ಯಕ್ಕೆ ಕೆಲವು ಕಟ್ಟುಗಳನ್ನು ಹಾಕಿದೆಯಾದರೂ, ತನ್ನ ನೀರು ಎಷ್ಟು ಹೋಯಿತೆಂಬುದನ್ನು ತೋರಿಸುವ ಹೊರೆ ಬಹುಮಟ್ಟಿಗೆ ರೈತನ ಮೇಲೆಯೇ ಬೀಳುತ್ತದೆ.

ಗಣಿಯು ಜಲಮಟ್ಟಕ್ಕಿಂತ ಕೆಳಗಿಳಿದೊಡನೆ ಸುತ್ತಣ ನೀರು ಅದರೊಳಕ್ಕೆ ಸೋರುತ್ತದೆ. ಕೆಲಸ ಸಾಗಬೇಕಾದರೆ ಅದನ್ನು ಹಗಲಿರುಳು ಎತ್ತಿ ಹೊರಗೆ ಬಿಡಬೇಕು. ಆಗ ಜಲಮಟ್ಟವು ಲಾಳಿಕೆಯ ಆಕಾರದಲ್ಲಿ ತಗ್ಗುವುದು. ಮರಳು ನೆಲದಲ್ಲಿ ಈ ಲಾಳಿಕೆಯು ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಸಮನಾಗಿ ಹರಡುತ್ತದೆ. ಗೋಗಿಯ ನೆಲ ಅಂಥದಲ್ಲ. ಅಲ್ಲಿ ಗ್ರಾನೈಟ್ ಬಂಡೆಯ ಮೇಲೆ ಸುಣ್ಣಕಲ್ಲಿನ ಪದರಗಳು ಕುಳಿತಿದ್ದು, ಇವೆರಡನ್ನೂ ಸೀಳಿಕೊಂಡು ಸ್ತರಭಂಗವೊಂದು ಹಾಯ್ದಿದೆ. ನೀರು ಬಿರುಕುಗಳ ಜಾಡನ್ನೇ ಹಿಡಿದು ಹೋಗುವುದರಿಂದ ಗಣಿಗೆ ಹತ್ತಿರದ ಬಾವಿ ಉಳಿದು ದೂರದ ಬಾವಿ ಬತ್ತುವುದೂ ಉಂಟು. ಆದಕಾರಣ ಇಂತಿಷ್ಟು ಮೈಲಿಯೊಳಗಿನ ಬಾವಿಗಳಿಗೆ ಮಾತ್ರ ಬದಲಿ ನೀರು ಎಂಬ ಕರಾರಿಗೆ ಈ ಭಾಗದ ರೈತರು ಒಪ್ಪಕೂಡದು.

ಬಾವಿಯ ಲೆಕ್ಕವನ್ನು ಗಣಿಯ ಪಂಪು ಹೂಡುವುದಕ್ಕೆ ಮುಂಚೆಯೇ ಇಡತಕ್ಕದ್ದು. ಕಾರ್ತಿಕದಲ್ಲಿಯೂ ವೈಶಾಖದಲ್ಲಿಯೂ ಬೆಳಗಿನ ಜಾವ, ತನ್ನ ಪಂಪನ್ನು ಹಚ್ಚುವ ಮೊದಲು, ಗುರುತುಮಾಡಿದ ಹಗ್ಗವನ್ನು ಇಳಿಬಿಟ್ಟು ನೀರಿನ ಆಳವನ್ನು ಅಳೆಯಬೇಕು. ನೀರಿನ ಬರವನ್ನು ತಿಳಿಯಲು 200 ಲೀಟರಿನ ಪೀಪಾಯಿ ಸಾಕು. ಅದು 40 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 18,000 ಲೀಟರು ಬರುತ್ತದೆಂದು ಅರ್ಥ. ಪಹಣಿಯಲ್ಲಿ ನೀರಾವರಿಯ ಮೂಲವು ಸರಿಯಾಗಿ ದಾಖಲಾಗಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಬಾವಿಯಿದ್ದೂ ಹೊಲವು ಖುಷ್ಕಿಯೆಂದೇ ನಡೆದುಬಂದಿರುವುದು ಅಪರೂಪವಲ್ಲ. ಗಣಿಯಿಂದ ಬಹುದೂರವಿದ್ದು ಅಂಥದೇ ನೆಲದಲ್ಲಿರುವ ಬಾವಿಯೊಂದನ್ನು ಜೊತೆಯಲ್ಲಿಯೇ ಅಳೆಯುತ್ತಿದ್ದರೆ, ಮಳೆ ಕಡಿಮೆಯಾದುದರಿಂದಲೇ ನೀರು ಇಳಿಯಿತೆಂಬ ವಾದಕ್ಕೆ ಉತ್ತರ ಸಿಗುತ್ತದೆ.

ಬದಲಿ ನೀರೆಂದರೆ ಊರ ಮುಂದೆ ಒಂದು ನಲ್ಲಿ, ಇಲ್ಲವೇ ದಿನಕ್ಕೊಂದು ಟ್ಯಾಂಕರು ಎಂಬ ಭಾವನೆ ರೂಢಿಯಾಗಿದೆ. ಕುಡಿಯುವುದಕ್ಕೆ ಅದು ಆದೀತು. ಹೊಲದ ಲೆಕ್ಕವೇ ಬೇರೆ. ಒಂದು ಎಕರೆಯ ಮೇಲೆ ಒಂದು ಅಂಗುಲ ನೀರು ನಿಲ್ಲಲು ಸುಮಾರು 1,03,000 ಲೀಟರು ಬೇಕು. ಎರಡು ಎಕರೆ ಮೆಣಸಿನಕಾಯಿಗೆ ಎರಡು ಅಂಗುಲದಂತೆ ಒಂದು ಸರದಿ ಹಾಯಿಸಲು ನಾಲ್ಕು ಲಕ್ಷಕ್ಕೂ ಮಿಕ್ಕಿದ ಲೀಟರು ಬೇಕಾಗುವುದು. ಮೇಲೆ ಹೇಳಿದ ಬಾವಿ ಅದನ್ನು 23 ಗಂಟೆಗಳಲ್ಲಿ ಕೊಡುತ್ತದೆ. 5,000 ಲೀಟರಿನ ಟ್ಯಾಂಕರು 82 ಸಲ ಬರಬೇಕು. ಬೆಳೆಯ ನೀರು ಹೋದಲ್ಲಿ ಬೆಳೆಗೆ ಸಾಲುವ ನೀರನ್ನೇ ಕೇಳತಕ್ಕದ್ದು.

ಗಣಿಯಿಂದ ಎತ್ತಿದ ನೀರನ್ನೇ ಹೊಲಕ್ಕೆ ಕೊಡುವೆವೆಂದು ಹೇಳುವುದುಂಟು. ಪರೀಕ್ಷೆಯಾಗದೆ ಅದನ್ನು ಬಾವಿಗಾಗಲಿ ಹಳ್ಳಕ್ಕಾಗಲಿ ಬಿಡಗೊಡಬಾರದು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಸಂಗತಿ ಇಲ್ಲಿ ನೆನಪಿಡತಕ್ಕದ್ದು. ಮಂಗಳೂರಿನ ಹಳೆಯ ಚಿನ್ನದ ಗಣಿಯ ಸೀಮೆಯಾದ ಅಲ್ಲಿಯ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಎಂಬ ಪಾಷಾಣವು ಮಿತಿಮೀರಿ ಇದ್ದುದನ್ನೂ, ಜನರ ಚರ್ಮದ ಮೇಲೆ ಅದರ ಲಕ್ಷಣಗಳು ಮೂಡಿದ್ದುದನ್ನೂ 2013ರಲ್ಲಿ ಪ್ರಕಟವಾದ ಸಂಶೋಧನೆಯು ತಿಳಿಸಿತು. (ಈ ಮಂಗಳೂರು ಕಡಲತೀರದ್ದಲ್ಲ, ಸುರಪುರ ಸೀಮೆಯದು.) ಗೋಗಿಯ ಸುತ್ತಿನ ಕೆಲವು ಬಾವಿಗಳಲ್ಲಿಯೂ ಶಿಲೆಯಿಂದ ಸಹಜವಾಗಿ ಕರಗಿದ ಯುರೇನಿಯಂ ಹೆಚ್ಚಾಗಿ ಕಂಡುಬಂದಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಆರ್ಸೆನಿಕ್ 10 ಮೈಕ್ರೋಗ್ರಾಂ, ಯುರೇನಿಯಂ 30 ಮೈಕ್ರೋಗ್ರಾಂ ಮೀರಕೂಡದು. ಇವಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ನೀರನ್ನು ಕುದಿಸಿದರೂ ಹೋಗುವುದಿಲ್ಲ. ಗಣಿಗೆ ಮೊದಲೇ ನೀರನ್ನು ಪರೀಕ್ಷೆಗೆ ಕಳಿಸಿದ್ದರೆ ಯಾವುದು ನೆಲದ ದೋಷ, ಯಾವುದು ಗಣಿಯ ದೋಷ ಎಂಬುದು ತಿಳಿಯುವುದಲ್ಲದೆ, ಮನೆಮಂದಿ ಆ ಬಾವಿಯ ನೀರು ಕುಡಿಯಬಹುದೇ ಎಂಬುದೂ ಗೊತ್ತಾಗುವುದು.

ಇನ್ನು ಕಾಲುವೆಯ ಮಾತು. ನಾರಾಯಣಪುರ ಎಡದಂಡೆ ಕಾಲುವೆ ಸಮೀಪದಲ್ಲಿರುವುದರಿಂದ ಬದಲಿ ನೀರನ್ನು ಅಲ್ಲಿಂದಲೇ ಕೊಡುವುದು ಸುಲಭವೆಂದು ತೋರುತ್ತದೆ. ಆದರೆ ಆ ನೀರು ಆಗಲೇ ಅಚ್ಚುಕಟ್ಟಿಗೆ ಹಂಚಿಹೋದದ್ದು. ಮೇಲ್ಭಾಗದಲ್ಲಿ ಹೊಸದಾಗಿ ಒಬ್ಬರಿಗೆ ಕೊಟ್ಟರೆ ಕಾಲುವೆಯ ಕೊನೆಯಲ್ಲಿರುವವನ ಪಾಲು ತಗ್ಗುತ್ತದೆ. ಗಣಿ ಮಾಡಿದ ನಷ್ಟವನ್ನು ಇನ್ನೊಬ್ಬ ರೈತನು ತುಂಬಿದಂತಾಯಿತು. ಅಲ್ಲದೆ ಬಾವಿಯ ನೀರು ತೀರ ಬೇಕಾದ ಬೇಸಿಗೆಯಲ್ಲಿ ಕಾಲುವೆ ನಿಂತಿರುತ್ತದೆ. ಕಾಲುವೆಯ ನೀರನ್ನೇ ಒಪ್ಪುವುದಾದರೆ ಅದನ್ನು ಶೇಖರಿಸುವ ಕೆರೆಯನ್ನೂ ಗಣಿಯವರೇ ಕಟ್ಟಿಸಿಕೊಡಬೇಕು. ನೀರಿನ ಮೂಲ, ತಿಂಗಳುವಾರು ಪ್ರಮಾಣ, ಪಂಪಿನ ವಿದ್ಯುತ್ ಮತ್ತು ದುರಸ್ತಿಯ ವೆಚ್ಚವನ್ನು ಯಾರು ಕೊಡಬೇಕೆಂಬುದು, ಗಣಿ ಮುಚ್ಚಿದ ಮೇಲೆ ಎಷ್ಟು ವರ್ಷ ನಡೆಸಬೇಕೆಂಬುದು, ಇವೆಲ್ಲವೂ ಕರಾರಿನಲ್ಲಿ ಬರಹದಲ್ಲಿರಬೇಕು. ಗಣಿಯ ಪಂಪು ನಿಂತ ದಿನವೇ ಬಾವಿಗೆ ನೀರು ಮರಳುವುದಿಲ್ಲ. ತಗ್ಗಿದ ಜಲಮಟ್ಟ ಮೇಲೇರಲು ವರ್ಷಗಳೇ ಹಿಡಿಯಬಹುದು.