ಅಂಚೆಯಲ್ಲಿ ಬಂದ ಅಂಗಡಿ

ಅಮೆರಿಕದ ಇತಿಹಾಸವೆಂದರೆ ಅಧ್ಯಕ್ಷರು, ಯುದ್ಧಗಳು ಮತ್ತು ಒಪ್ಪಂದಗಳು ಎಂದು ನಾವು ಓದುತ್ತೇವೆ. ಆದರೆ 20ನೇ ಶತಮಾನದ ಆರಂಭದಲ್ಲಿ ಅಲ್ಲಿನ ಜನಸಾಮಾನ್ಯರು ಹೇಗೆ ಬದುಕುತ್ತಿದ್ದರು ಎಂದು ಯಾರಾದರೂ ಕೇಳಿದರೆ, ನಾನು ಮೊದಲು ತೋರಿಸುವುದು ಒಂದು ಬೆಲೆಪಟ್ಟಿಯನ್ನು. ಅದು ಷಿಕಾಗೋದ ಸಿಯರ್ಸ್ ರೋಬಕ್ ಕಂಪನಿಯ ಕ್ಯಾಟಲಾಗ್.

1900ರಲ್ಲಿ ಅಮೆರಿಕದ ಹತ್ತು ಜನರಲ್ಲಿ ಆರು ಮಂದಿ ಹಳ್ಳಿಗಾಡಿನಲ್ಲಿದ್ದರು. ಬಹಳಷ್ಟು ಕಡೆ ಊರಿಗೆ ಒಂದೇ ಅಂಗಡಿ. ಅಂಗಡಿಯವನು ಹೇಳಿದ್ದೇ ಬೆಲೆ. 1896ರಲ್ಲಿ ಪ್ರಯೋಗವಾಗಿ ಆರಂಭವಾದ, ಹಳ್ಳಿಯ ಮನೆಗಳಿಗೆ ಉಚಿತವಾಗಿ ಅಂಚೆ ತಲುಪಿಸುವ ವ್ಯವಸ್ಥೆ 1902ರಲ್ಲಿ ಕಾಯಂ ಆಯಿತು. 1913ರ ಜನವರಿ 1ರಿಂದ ಪಾರ್ಸೆಲ್ ಸೇವೆಯೂ ಬಂತು. ಹೀಗೆ ಅಂಗಡಿಯೇ ಮನೆಬಾಗಿಲಿಗೆ ಬಂದಂತಾಯಿತು.

ಆ ಪುಸ್ತಕದಲ್ಲಿ ಗಡಿಯಾರ, ಹೊಲಿಗೆ ಯಂತ್ರ, ಒಲೆ, ನೇಗಿಲು, ಬಟ್ಟೆ, ಔಷಧಿ ಎಲ್ಲವೂ ಇದ್ದವು. 1908ರಿಂದ ಇಡೀ ಮನೆಯನ್ನೇ ಮಾರತೊಡಗಿದರು! ಮರದ ತುಂಡುಗಳು ಮತ್ತು ನಕ್ಷೆ ರೈಲಿನಲ್ಲಿ ಬರುತ್ತಿದ್ದವು, ಜೋಡಿಸಿಕೊಳ್ಳುವುದು ಕೊಂಡವರ ಕೆಲಸ. ಇಂಗ್ಲಿಷ್ ಬಾರದ ವಲಸಿಗರು ತಮ್ಮದೇ ಭಾಷೆಯಲ್ಲಿ ಪತ್ರ ಬರೆದು ಸಾಮಾನು ತರಿಸಬಹುದಿತ್ತು. ಹಳೆಯ ಕ್ಯಾಟಲಾಗಿನಿಂದ ಮಕ್ಕಳು ಗೊಂಬೆಗಳನ್ನು ಕತ್ತರಿಸಿ ಆಡುತ್ತಿದ್ದರು. ಉಳಿದ ಹಾಳೆಗಳು ಶೌಚಾಲಯ ಸೇರುತ್ತಿದ್ದವು.

ಆದರೆ ದಕ್ಷಿಣದ ಕಪ್ಪು ಜನರಿಗೆ ಈ ಪುಸ್ತಕ ಇನ್ನೂ ದೊಡ್ಡದಾಗಿತ್ತು. ಅದು ವರ್ಣಭೇದ ಕಾನೂನುಗಳ ಕಾಲ. ಅಂಗಡಿಯಲ್ಲಿ ಬಿಳಿಯರೆಲ್ಲರ ವ್ಯಾಪಾರ ಮುಗಿಯುವವರೆಗೆ ಅವರು ಕಾಯಬೇಕಿತ್ತು. ಬೆಳೆಯನ್ನೇ ಅಡವಿಟ್ಟು ಸಾಲದಲ್ಲಿ ಸಾಮಾನು ಒಯ್ಯುತ್ತಿದ್ದ ಗೇಣಿದಾರರಿಗೆ ಬಡ್ಡಿಯ ಹೊರೆ ಬೇರೆ. ಕ್ಯಾಟಲಾಗಿಗೆ ಮಾತ್ರ ಕೊಳ್ಳುವವರ ಬಣ್ಣ ಗೊತ್ತಿರಲಿಲ್ಲ. ಅಚ್ಚಾದ ಬೆಲೆ ಎಲ್ಲರಿಗೂ ಒಂದೇ. ಅಂಚೆ ಕಚೇರಿ ಅದೇ ಅಂಗಡಿಯೊಳಗಿದ್ದರೆ, ಪತ್ರ ಮತ್ತು ಹಣವನ್ನು ನೇರವಾಗಿ ಅಂಚೆಯವನ ಕೈಗೇ ಕೊಡಬಹುದಿತ್ತು. ಸಿಟ್ಟಾದ ಕೆಲವು ವ್ಯಾಪಾರಿಗಳು ಕ್ಯಾಟಲಾಗುಗಳನ್ನು ರಾಶಿ ಹಾಕಿ ಸುಟ್ಟರು. ಇದರಿಂದ ವರ್ಣಭೇದವೇನೂ ಅಳಿಯಲಿಲ್ಲ. ಕೈಯಲ್ಲಿ ನಗದಿಲ್ಲದವರಿಗೆ ಕ್ಯಾಟಲಾಗೂ ದೂರವೇ. ಆದರೂ ತಲೆ ತಗ್ಗಿಸದೆ ಒಂದು ಅಂಗಿ ಕೊಳ್ಳುವುದು ಸಣ್ಣ ಮಾತಲ್ಲ ಎಂದು ನನಗನಿಸುತ್ತದೆ.

ಈ ಕಂಪನಿಯ ಲಾಭದ ಒಂದು ಪಾಲು ಎಲ್ಲಿಗೆ ಹೋಯಿತು ಎಂಬುದನ್ನೂ ನೀವು ತಿಳಿಯಬೇಕು. 1908ರಲ್ಲಿ ಇದರ ಅಧ್ಯಕ್ಷರಾದ ಜೂಲಿಯಸ್ ರೋಸೆನ್‌ವಾಲ್ಡ್ ಜರ್ಮನಿಯಿಂದ ವಲಸೆ ಬಂದ ಯಹೂದಿ ಕುಟುಂಬದವರು. ಕಪ್ಪು ಜನರ ನಾಯಕ, ಶಿಕ್ಷಣತಜ್ಞ ಬುಕರ್ ಟಿ. ವಾಷಿಂಗ್ಟನ್ ಅವರ ಜೊತೆ ಸೇರಿ ಅವರು ಕಪ್ಪು ಮಕ್ಕಳಿಗಾಗಿ ಶಾಲೆ ಕಟ್ಟಿಸಲು ಹಣ ಕೊಟ್ಟರು. ಷರತ್ತು ಒಂದೇ: ಊರಿನವರೂ ಸರ್ಕಾರವೂ ತಮ್ಮ ಪಾಲು ಸೇರಿಸಬೇಕು. ಬಡ ರೈತರು ದುಡ್ಡು, ಜಮೀನು, ಮರ, ದುಡಿಮೆ ಕೊಟ್ಟರು. 1932ರ ಹೊತ್ತಿಗೆ 15 ರಾಜ್ಯಗಳಲ್ಲಿ ಸುಮಾರು 5,000 ಶಾಲೆಗಳು ಎದ್ದವು. ಮುಂದೆ ನಾಗರಿಕ ಹಕ್ಕುಗಳ ಹೋರಾಟಗಾರರಾದ ಜಾನ್ ಲೂಯಿಸ್ ಓದಿದ್ದು ಇಂಥದೇ ಶಾಲೆಯಲ್ಲಿ. ದಾನ ಪಡೆದವರು ಇಲ್ಲಿ ಬರೀ ಕೈಚಾಚಿದವರಲ್ಲ, ಪಾಲುದಾರರು. ನನಗೆ ತುಂಬ ಮೆಚ್ಚುಗೆಯಾದದ್ದು ಇದೇ.

ವಿದ್ಯಾರ್ಥಿಗಳು ಯೋಚಿಸಲು ಎರಡು ಪ್ರಶ್ನೆಗಳು:

1. ಅಂಚೆ ವ್ಯವಸ್ಥೆ ಇಲ್ಲದಿದ್ದರೆ ಈ ವ್ಯಾಪಾರ ಬೆಳೆಯುತ್ತಿತ್ತೇ?

2. ಮಾರುಕಟ್ಟೆ ಕೊಟ್ಟ ಸಮಾನತೆಗೂ ಕಾನೂನು ಕೊಡಬೇಕಾದ ಸಮಾನತೆಗೂ ಏನು ವ್ಯತ್ಯಾಸ?